ಬೆಂಚಿನ ತುದಿಯಲ್ಲಿ ಅಕ್ಕಯ್ಯಮ್ಮ

ದೆವ್ವ, ಪವಾಡ ಎಂದು ಮಾತಾಡುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಆಂಡರ್ಸನ್‌ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು ನಾನು. ಬೆಳಕು ನೆಟ್ಟಗೆ ಬರುತ್ತದೆ, ಗಾಜು ಅದನ್ನು ಬಗ್ಗಿಸುತ್ತದೆ, ಅಷ್ಟೇ ನನ್ನ ವೇದಾಂತ. ಐವತ್ತರ ದಶಕದ ಕೊನೆಯಲ್ಲಿ ಆ ಜಂಬ ಇಳಿಯಿತು. ನೀವು ನಂಬಲೇಬೇಕೆಂದು ಹೇಳುತ್ತಿಲ್ಲ.

ಚಿನ್ನದ ಗಣಿಯ ಪುಡಿಮಣ್ಣು ಸುರಿದು ಬೆಳೆದ ನಮ್ಮೂರಿನ ಸೈನೈಡ್ ದಿಬ್ಬದ ಧೂಳು ಲೆನ್ಸಿನೊಳಗೂ ನುಗ್ಗುತ್ತದೆ. ಆಗಾಗ ಬಿಚ್ಚಿ ಒರೆಸಲೇಬೇಕು. ಲೆನ್ಸಿನಲ್ಲಿರುವುದು ಒಂದೇ ಗಾಜಲ್ಲ. ಒಂಟಿ ಗಾಜು ತನ್ನ ಅಂಚಿನಿಂದ ಹಾಯುವ ಬೆಳಕನ್ನು ಅತಿಯಾಗಿ ಬಗ್ಗಿಸಿ ಚಿತ್ರವನ್ನು ಮಸುಕು ಮಾಡುತ್ತದೆ. ಆ ತಪ್ಪು ತಿದ್ದಲು ಹಿಂದೆ ಇನ್ನೊಂದು ಗಾಜು. ಒಂದು ದಿನ ಅವಸರದಲ್ಲಿ ಆ ತಿದ್ದುವ ಗಾಜನ್ನೇ ನಾನು ಹಿಂದುಮುಂದಾಗಿ ಕೂರಿಸಿದ್ದೆ.

ಮರುದಿನ ಊರಿಗಾಮಿನ ಲೈನುಮನೆಯಲ್ಲಿ ಗಣಿ ಕೆಲಸಗಾರ ಮುನಿಸ್ವಾಮಿಯ ಮಗುವಿಗೆ ನಾಮಕರಣ. ಮನೆಯವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದೆ. ಅವನ ತಾಯಿ ಅಕ್ಕಯ್ಯಮ್ಮ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದಿದ್ದರು. ನಡುವೆ ಕೂರಿ ಎಂದರೆ ಒಪ್ಪಲಿಲ್ಲ.

“ಗಂಡ ಸತ್ತೋಳು ನಡುಮದ್ಯ ಕುಂತ್ರೆ ಮಗೀಗೆ ಒಳ್ಳೇದಲ್ಲ ಕಣಪ್ಪಾ. ನಾನ್ ಈ ತುದೀಲೇ ನಿಂತ್ಕಂತೀನಿ.”

ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ನೋಡಿದಾಗ ಎಲ್ಲ ಮಂಜಾಗಿ ಕಂಡಿತು. ಒಲೆಯ ಹೊಗೆ ಕಣ್ಣಿಗೆ ಹೊಕ್ಕಿರಬೇಕೆಂದುಕೊಂಡು ಒಂದೇ ಪ್ಲೇಟು ತೆಗೆದು ಬಂದೆ.

ಸ್ಟುಡಿಯೋದಲ್ಲಿ ಪ್ಲೇಟು ತೊಳೆದಾಗ ನಡುವೆ ಕೂತವರೆಲ್ಲ ಮಸುಕು. ತಪ್ಪು ಗೊತ್ತಾಯಿತು. ಗಾಜು ಸರಿಪಡಿಸಿ, ಇನ್ನೊಂದು ಫೋಟೋ ಹಿಡಿಯೋಣವೆಂದು ಮೂರನೆಯ ದಿನ ಹೋದರೆ ಮನೆ ಮುಂದೆ ಜನ. ಹಿಂದಿನ ಸಂಜೆ ಅಕ್ಕಯ್ಯಮ್ಮ ತೀರಿಹೋಗಿದ್ದರು.

ಮುನಿಸ್ವಾಮಿ ನನ್ನ ಕೈ ಹಿಡಿದುಕೊಂಡ. “ಅವ್ವುಂದು ಬೇರೆ ಪಟಾನೇ ಇಲ್ಲ ಸ್ವಾಮಿ. ನೀವ್ ಇಡಿದಿದ್ದೊಂದೇ.”

ವಾಪಸು ಬಂದು ಆ ನೆಗೆಟಿವ್‌ನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಂಥ ಒಳ್ಳೆಯ ಲೆನ್ಸೂ ಸೋಲುವ ಜಾಗ ಅದು. ಅಲ್ಲಿ ಅಕ್ಕಯ್ಯಮ್ಮ ಸ್ಪಷ್ಟವಾಗಿ ನಿಂತಿದ್ದರು: ಹೊಗೆಸೊಪ್ಪು ಒತ್ತಿಟ್ಟ ಕೆನ್ನೆ, ಹಣೆಯ ಸುಕ್ಕು, ಸೆರಗಿನ ಎಳೆಯೂ ಬಿಡಿಬಿಡಿ. ಪಕ್ಕದಲ್ಲೇ ಒತ್ತಿ ಕೂತಿದ್ದ ಸೊಸೆ ಬರೀ ಮಂಜು.

ಇಂಥ ಲೆನ್ಸಿನಲ್ಲಿ ತುದಿಯವರು ಒಂದು ಹೆಜ್ಜೆ ಮುಂದೆ ಬಂದರೆ ಸ್ಪಷ್ಟವಾಗುವುದುಂಟು. ಆದರೆ ಅವರ ಕಾಲು ಬೆಂಚಿನ ಸಾಲಿನಲ್ಲೇ ಇತ್ತು. ಆಮೇಲೆ ಬೇಕೆಂದೇ ಗಾಜು ತಿರುಗಿಸಿ ಎಷ್ಟು ಸಲ ಪರೀಕ್ಷಿಸಿದರೂ ಆ ಮೂಲೆ ಮಸುಕೇ.

ಅವರ ಮುಖವೊಂದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ. ನನ್ನ ತಪ್ಪನ್ನೂ ಒಪ್ಪಿಕೊಂಡೆ. ಮುನಿಸ್ವಾಮಿಗೆ ಅದು ಕೇಳಿಸಿತೋ ಇಲ್ಲವೋ. ಪಟವನ್ನು ಮಗುವಿನ ಮುಂದೆ ಹಿಡಿದು, “ನೋಡ್ಲಾ, ಈಗ ನಡುಮದ್ಯ ಕುಂತವ್ಳೆ ನಿಮ್ಮಜ್ಜಿ” ಎಂದು ಅತ್ತ.

ಆ ಒಂದು ಮುಖದ ಮಟ್ಟಿಗೆ ನನ್ನ ತಪ್ಪು ತಿದ್ದಿದವರು ಯಾರೋ ತಿಳಿಯದು. ಇವತ್ತಿಗೂ ಸ್ಟುಡಿಯೋ ಬಾಗಿಲು ತೆರೆಯುವಾಗ ಒಮ್ಮೆ ಕೈಮುಗಿಯುತ್ತೇನೆ, ಯಾರಿಗೆಂದು ಗೊತ್ತಿಲ್ಲದೆ.