ಮೋರಿಗೆ ನಾನೇ ಅಳತೆ

"ಪಾಪ, ಆಗಿನವರು ರಸ್ತೆ ಮಾಡುವಾಗ ಮುಂದಿನ ರಿಪೇರಿ ಯೋಚನೆ ಮಾಡ್ತಿರ್ಲಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪವಂತೆ, ಮಣ್ಣು! ಚೆನ್ನಾಗಿಯೇ ಯೋಚಿಸಿದ್ದರು. ಯೋಚಿಸುವಾಗ ನಾನು ಎದುರಿಗೇ ಇದ್ದೆ.

ಐವತ್ತರ ದಶಕದ ಕೊನೆ. ನಮ್ಮೂರಿನಿಂದ ಶಿಡ್ಲಘಟ್ಟದ ದೊಡ್ಡ ರಸ್ತೆಗೆ ಹೊಸದಾಗಿ ದಾರಿ ಹಾಕುತ್ತಿದ್ದರು. ಅಮ್ಮ ಅದಕ್ಕೆ ಜಲ್ಲಿ ಹೊರುತ್ತಿದ್ದಳು. ಅಪ್ಪ ಪಟೇಲರ ಹಿಪ್ಪುನೇರಳೆ ತೋಟದಲ್ಲಿ ಆಳು. ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮ ಕೇರಿಯಲ್ಲಿ ನನ್ನಷ್ಟು ಪೀಚಲು ಹುಡುಗಿ ಇನ್ನೊಬ್ಬಳಿರಲಿಲ್ಲ. ಆವತ್ತು ಅಮ್ಮನಿಗೆ ಮುದ್ದೆ ತಂದುಕೊಟ್ಟು ಅಲ್ಲೇ ಕೂತಿದ್ದೆ. ರಸ್ತೆಯಡಿ ಮಳೆನೀರು ದಾಟಲು ಮೋರಿ ಬೇಕಿತ್ತು. ಓವರ್‌ಸಿಯರ್ ಒಂದು ಸಣ್ಣ ಸಿಮೆಂಟ್ ಪೈಪು ತರಿಸಿದ್ದ. ಪಟೇಲರು ಅದನ್ನು ನೋಡಿ ಕೇಳಿದರು:

"ಅಲ್ರೀ, ಹೂಳು ಕಟ್ಕೊಂಡ್ರೆ ಇದ್ರೊಳಗೆ ಯಾರ್ ಹೋಗ್ತಾರೆ?"

ಓವರ್‌ಸಿಯರ್ ಸುತ್ತ ಕಣ್ಣಾಡಿಸಿ ನನ್ನನ್ನು ಕರೆದ. ಪೈಪಿನ ಬಾಯಿಗೆ ನನ್ನ ಭುಜವನ್ನು ಕೋಲಿನಿಂದ ಒತ್ತಿ ನೋಡಿದ.

"ನೋಡಿ, ಸಲೀಸಾಗಿ ಹಿಡಿಸ್ತಾಳೆ. ಕೇರೀಲಿ ಇಂಥವು ಹುಟ್ತಾನೇ ಇರ್ತವೆ ಬಿಡಿ."

ಇಬ್ಬರೂ ನಕ್ಕರು. ಅಮ್ಮ ತಲೆಯ ಮೇಲೆ ಜಲ್ಲಿ ಬಾಂಡ್ಲಿ ಹೊತ್ತು ನಿಂತಿದ್ದಳು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮುಂದಿನ ಮಳೆಗಾಲದಲ್ಲೇ ಪೈಪು ಕಟ್ಟಿಕೊಂಡಿತು. ನೀರು ಹೋಗಲು ದಾರಿಯಿಲ್ಲದೆ ಪಟೇಲರ ಹುಳದ ಮನೆಯ ಹೊಸ್ತಿಲಿಗೆ ಏರಿತು. ಒಳಗೆ ರೇಷ್ಮೆ ಹುಳ ಇನ್ನೇನು ಗೂಡು ಕಟ್ಟುವ ಹೊತ್ತು. ನಮ್ಮ ಗಾಳಿ ಸೋಕಿದರೂ ಮುಖ ಸಿಂಡರಿಸುತ್ತಿದ್ದ ಪಟೇಲರು ಕೆಸರು ತುಳಿದುಕೊಂಡು ಕೇರಿಗೇ ಓಡಿಬಂದರು.

"ಎಲ್ಲೋ ನಿನ್ ಮಗಳು? ಕರ್ಕೊಂಡ್ ಬಾರೋ ಬೇಗ!"

ಅಪ್ಪ ಎದುರಾಡಲಿಲ್ಲ. ನನ್ನನ್ನು ಪೈಪಿನ ಬಾಯಿಗೆ ಕರೆದೊಯ್ದು ಸೊಂಟಕ್ಕೆ ಹಗ್ಗ ಕಟ್ಟತೊಡಗಿದ. "ಒಂದ್ಸಲ ಹೋಗ್ಬಾರಮ್ಮ ತಾಯಿ. ನಾನ್ ಹಿಡ್ಕೊಂಡಿರ್ತೀನಿ" ಎಂದ. ನಾನು ಹೆದರಿ ಲಂಗದಲ್ಲೇ ಒಂದು ಮಾಡಿಕೊಂಡೆ.

ಅಷ್ಟರಲ್ಲಿ ಅಮ್ಮ ಬಂದಳು. ಹಗ್ಗ ಬಿಚ್ಚಿ ಅಪ್ಪನ ಮುಖಕ್ಕೆ ಎಸೆದಳು.

"ಹೂಳು ಕಿತ್ತ ತಕ್ಷಣ ನೀರು ನುಗ್ಗುತ್ತೆ. ಹಗ್ಗದ ತುದೀಲಿ ಹೆಣ ಎಳ್ಕೋತೀಯೇನಯ್ಯ?"

ಹಾರೆ ತೆಗೆದುಕೊಂಡು ರಸ್ತೆಗೇ ಹತ್ತಿ, ಪೈಪಿನ ನೇರಕ್ಕೆ ಅಗೆಯತೊಡಗಿದಳು.

"ಏಯ್, ಸರ್ಕಾರದ ರಸ್ತೆ ಕಣೇ ಅದು! ಜೈಲಿಗೆ ಹಾಕಿಸ್ತೀನಿ!" ಎಂದು ಪಟೇಲರು ಕಿರುಚಿದರು.

ಸಿಟ್ಟು ನೆತ್ತಿಗೇರಿದರೆ ಅಮ್ಮನ ಬಾಯಲ್ಲಿ ತೆಲುಗು ಬರುತ್ತಿತ್ತು. "ಪೋರಾ!" ಎಂದಳು, ಹೋಗೋ ಅಂತ, ಪಟೇಲರಿಗೆ! "ಈ ಜಲ್ಲಿ ಹೊತ್ತೋಳು ನಾನು. ಕೀಳೋಳೂ ನಾನೇ."

ಕೇರಿಯ ಹೆಂಗಸರು ಒಬ್ಬೊಬ್ಬರೇ ಸನಿಕೆ ಹಿಡಿದು ಬಂದರು. ಕೊನೆಗೆ ನೀರು ಪೈಪನ್ನೂ ರಸ್ತೆಯ ಒಂದು ತುಂಡನ್ನೂ ಎಳೆದುಕೊಂಡು ಹರಿಯಿತು. ಪಟೇಲರ ಹುಳಕ್ಕೆ ಏನೂ ಆಗಲಿಲ್ಲ. ಆದರೂ ಮಾರನೆಯ ದಿನ ಅಪ್ಪನನ್ನು ತೋಟದಿಂದ ಓಡಿಸಿದರು. "ನಮ್ ಹೊಟ್ಟೆ ಮೇಲೆ ಹೊಡ್ದುಬಿಟ್ಟೆ ಕಣೇ" ಎಂದು ಅಪ್ಪ ಅಮ್ಮನನ್ನು ಬೈಯದ ದಿನವಿರಲಿಲ್ಲ.

ಮಳೆ ನಿಂತ ಮೇಲೆ ಓವರ್‌ಸಿಯರ್ ಮತ್ತೆ ಬಂದ. ಅಷ್ಟೇ ಸಣ್ಣ ಪೈಪು ಇಳಿಸಿದ. ಆದರೆ ಈ ಸಲ ಎರಡೂ ಬಾಯಿಗೆ ಕಲ್ಲು ಕಟ್ಟಿ ಒಂದೊಂದು ಗುಂಡಿ ಮಾಡಿಸಿದ. ಹೂಳು ಗುಂಡಿಯಲ್ಲೇ ನಿಲ್ಲುತ್ತಿತ್ತು; ಹೊರಗೆ ನಿಂತು ಸನಿಕೆಯಲ್ಲಿ ಎತ್ತಬಹುದಿತ್ತು. ಪೈಪಿನೊಳಗೆ ಉಳಿದದ್ದಕ್ಕೆ ಉದ್ದನೆಯ ಒಂದು ಬಿದಿರು ಸಾಕು. ಏನೂ ಕಷ್ಟದ ಕೆಲಸವಲ್ಲ.

ಅಮ್ಮ ನನ್ನ ಕೈ ಹಿಡಿದುಕೊಂಡು ಆ ಗುಂಡಿಯನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು:

"ಸ್ವಾಮಿ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?"

"ಮತ್ತೆ ಹೋದ್ಸಲ ಯಾಕೆ ಮಾಡ್ಲಿಲ್ಲ?"

ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

"ಹೋದ್ಸಲ ನಿಮ್ ಮಕ್ಕಳಿದ್ರಲ್ಲಮ್ಮ" ಎಂದ.