ಲಲಿತಕ್ಕನ ದನಿ ಇಲ್ಲದ ಸಿನಿಮಾ

2006ರ ಫೆಬ್ರುವರಿಯ ಒಂದು ಬೆಳಿಗ್ಗೆ ಎಂಟೂವರೆಗೆ ನರಸಿಂಹರಾಜಪುರ ಬಿಟ್ಟೆವು. ಶೃಂಗೇರಿಗೆ ನೇರ ಬಸ್ಸು ಸಿಗದೆ ಕೊಪ್ಪದ ಬಸ್ಸು ಹತ್ತಿದೆವು; ತಲಾ ಹನ್ನೆರಡು ರೂಪಾಯಿ. ಬಿಸಿಲು ಆಗಲೇ ಚುರುಕಾಗಿತ್ತು. ಪಕ್ಕದಲ್ಲಿ ಲಲಿತಕ್ಕ, ಇಸ್ತ್ರಿ ಮಾಡಿದ ನೀಲಿ ಸೀರೆ, ಮಡಿಲಲ್ಲಿ ಒಂದು ಸಿ.ಡಿ. ಇಪ್ಪತ್ತು ವರ್ಷ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡಿದವರು ಅವರು. ಆಮೇಲೆ ರಂಗದ ಹೊರಗೂ ಸೀರೆ ಉಟ್ಟು, ಹೆಣ್ಣಿನ ಹೆಸರು ಇಟ್ಟುಕೊಂಡು, ಬ್ಲೌಸ್ ಹೊಲಿದು ಬದುಕುತ್ತಿದ್ದರು. ಬೆಂಗಳೂರಿನ ನಾಲ್ಕು ಜನ ಸೇರಿ ಅವರ ಮೇಲೆ ಸಣ್ಣ ಸಿನಿಮಾ ಮಾಡಿದ್ದರು. ಅವರ ಪಾತ್ರ ಮಾಡಿದ್ದು ಅವರೇ. ನಮ್ಮ ಕಡೆಯ ಮಾತು ತಿದ್ದಿಕೊಡುವ ಕೆಲಸ ನನ್ನದು. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಕೂಲಿ ಮನೆಯಿಂದ ಬಾಳಗಡಿಯ ಕಾಲೇಜಿಗೆ ನಡೆದು ಓದಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೊಪ್ಪದಲ್ಲಿ ಬನ್ಸ್ ತಿಂದು ಕಾಫಿ ಕುಡಿದೆವು. ಆಚೆ ಮೇಜಿನವನೊಬ್ಬ, "ಎಂತ, ಮೇಳ ಹಗಲಲ್ಲೇ ಹೊರಟಿತಾ?" ಎಂದ.

"ಹೌದು ಮಾರಾಯ, ಕೋಡಂಗಿ ವೇಷಕ್ಕೆ ಜನ ಇಲ್ಲ. ಬರ್ತೀಯಾ?" ಎಂದರು ಲಲಿತಕ್ಕ. ಹೋಟೆಲಿಡೀ ನಕ್ಕಿತು.

ಹರಿಹರಪುರ ದಾಟಿದ ಮೇಲೆ ಲಲಿತಕ್ಕ ಅಡ್ಡಗದ್ದೆಯಲ್ಲಿದ್ದ ತಮ್ಮ ಅಕ್ಕನ ವಿಷಯ ತೆಗೆದರು. ಏಳು ವರ್ಷದಿಂದ ಭೇಟಿಯಿಲ್ಲ. ಫೋನ್ ಮಾಡಿದರೆ ಅಕ್ಕನ ಮಗ ಇಟ್ಟುಬಿಡುತ್ತಿದ್ದ.

"ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಪೂರ್ತಿ ಹೋಯ್ತಂತೆ. ಸಿನಿಮಾ ಕಟ್ಕೊಂಡು ನಂಗೆಂತ ಅಂದಿದ್ಲು. ದನಿ ಕೇಳು ಸಾಕು ಅಂತ ಪಕ್ಕದ ಮನೆಯವರ ಹತ್ರ ಹೇಳಿಕಳಿಸಿದೆ. ಸಿನಿಮಾದ ಕೊನೇಲಿ ಅವಳ ಹತ್ರಾನೇ ಮಾತಾಡಿದೀನಲ್ಲ."

ಆದರೆ ಸಿನಿಮಾದಲ್ಲಿ ಅವರ ದನಿಯೇ ಇರಲಿಲ್ಲ. ಚಿತ್ರೀಕರಣದಲ್ಲಿ ಜನರೇಟರ್ ಸದ್ದು ಸೇರಿ ಮಾತೆಲ್ಲ ಕೆಟ್ಟಿತ್ತು. ಡಬ್ಬಿಂಗಿಗೆ ಯಾರು ಎಂದಾಗ, "ಅವರು ಹೆಂಗಸು, ಗಡಸು ದನಿ ಹಾಕಿದರೆ ಅವಮಾನ" ಎಂದು ವಾದಿಸಿ ಗೆದ್ದವನು ನಾನು. ಒಬ್ಬ ನಟಿಯಿಂದ ಮಾತಾಡಿಸಿದ್ದೆವು. ಲಲಿತಕ್ಕನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಮನೆಯಲ್ಲಿ ಪ್ಲೇಯರ್ ಇಲ್ಲದ ಅವರು ಸಿನಿಮಾ ಇನ್ನೂ ನೋಡಿರಲಿಲ್ಲ. ಬಸ್ಸಿನಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಅಕ್ಕನ ಮಗ ಮನೆಯಲ್ಲಿದ್ದರೆ ಕಷ್ಟವೆಂದು ಲಲಿತಕ್ಕ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲೇ ಕುಳಿತರು. ಸಿ.ಡಿ. ಹಿಡಿದು ನಾನೊಬ್ಬನೇ ಆಟೋದಲ್ಲಿ ಅಡ್ಡಗದ್ದೆಗೆ ಹೋದೆ. ಮಗ ಪೇಟೆಗೆ ಹೋಗಿದ್ದ. ಅಲ್ಲಿದ್ದ ಪ್ಲೇಯರಿಗೆ ಸಿ.ಡಿ. ಹಾಕಿದೆ. ಅಕ್ಕ ಟಿ.ವಿ.ಯ ಹತ್ತಿರಕ್ಕೆ ಕುರ್ಚಿ ಎಳೆಸಿಕೊಂಡು, ಕಿವಿ ವಾಲಿಸಿ ಕುಳಿತರು. ಕೊನೆಯವರೆಗೂ ಅಲುಗಲಿಲ್ಲ. "ಅಕ್ಕಾ, ನಾನು ಕೆಟ್ಟವಳಾಗಿಲ್ಲ" ಎಂದಿತು ನಟಿಯ ದನಿ.

"ಇದು ಯಾರು?"

"ಲಲಿತಕ್ಕ... ನಿಮ್ಮ ತಮ್ಮ."

"ಸುಳ್ಳು ಹೇಳ್ಬೇಡ. ಎತ್ತಿ ಆಡಿಸಿದವಳು ನಾನು. ಸೀರೆ ಉಟ್ಟಿದ್ದು ಹೇಗೂ ನಂಗೆ ಕಾಣಲ್ಲ. ದನಿಯೊಂದು ಕೇಳಿದ್ರೆ ಸಾಕಿತ್ತು ಮಾರಾಯ."

ನಡೆದದ್ದು ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲೇ ಇದ್ದಾರೆ, ಕರೆತರಲೇ ಎಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತರು.

"ಬೇಡ. ಮಗ ಬರೋ ಹೊತ್ತಾಯ್ತು. ಅವನ ಹತ್ರ ಬೈಸಿಕೊಳ್ಳೋಕೆ ಇಲ್ಲೀವರೆಗೆ ಬರ್ಬೇಕಾ?"

ಆಟೋ ಕಂಡದ್ದೇ ಲಲಿತಕ್ಕ ಎದ್ದು ನಿಂತರು. "ಎಂತ ಅಂದ್ಲು? ಗುರ್ತು ಹಿಡಿದ್ಲಾ?"

ಒಂದನ್ನೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ.

"ಈ ಗಂಟಲಲ್ಲೇ ರಾಣಿಯಾಗಿ ಅತ್ತಿದೀನಿ. ಆಟದ ಗದ್ದೆ ತುಂಬ ಹೆಂಗಸರು ಕಣ್ಣು ಒರೆಸ್ಕೊಳ್ತಿದ್ರು. ಅವರ್ಯಾರಿಗೂ ಇದು ಗಂಡಸಿನ ದನಿ ಅನಿಸ್ಲಿಲ್ಲ. ಓದಿದವನು, ನಿಂಗೆ ಅನಿಸ್ತಾ?"

ಕೊಪ್ಪದವರೆಗೆ ಅವರು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ನರಸಿಂಹರಾಜಪುರದ ಬಸ್ಸಿಗೆ ಅವರೊಬ್ಬರೇ ಹತ್ತಿದರು. ನಾರ್ವೆಗೆ ಹೋಗಬೇಕಿದ್ದ ನಾನು ಕಿಟಕಿಯ ಕೆಳಗೆ ನಿಂತೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಲಲಿತಕ್ಕ ನೋಟು ಚಾಚಿದರು, ಬಾಯಿ ತೆರೆಯಲಿಲ್ಲ. ಅವನು ಮತ್ತೆ ಕೇಳಿದ. ಹಿಂದಿನವರು ಕತ್ತು ಚಾಚಿ ನೋಡತೊಡಗಿದರು.

"ನರಸಿಂಹರಾಜಪುರ" ಎಂದೆ, ಕೆಳಗಿನಿಂದ, ನಾನೇ.