ಅಣ್ಣನಿಗೇ ಸಲ್ಲಬೇಕಾದ ಚೆಂಡು

ನಮ್ಮ ದೇಶದ ಫುಟ್‌ಬಾಲ್ ತಂಡ ಆಡುವ ದಿನ, ಆಟ ಶುರುವಾಗುವ ಮುಂಚೆ ಟೀವಿಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬ ಒಂದು ಹಸಿರು ಚಿತ್ರ ತೋರಿಸುತ್ತಾರೆ. ಹಿಂದೆ ನಾಲ್ವರು, ನಡುವೆ ಇಬ್ಬರು, ಅವರ ಮುಂದೆ ಮೂವರು, ತುದಿಯಲ್ಲಿ ಒಬ್ಬ. ರಂಗೋಲಿಯಷ್ಟು ಅಚ್ಚುಕಟ್ಟು. ಸೀಟಿ ಊದಿ ಸ್ವಲ್ಪ ಹೊತ್ತಿಗೆ ರಂಗೋಲಿ ಅಳಿಸಿಹೋಗುತ್ತದೆ. ಆ ಮೂವರೂ ಕೆಳಗಿಳಿದು ಬಂದು ಉಳಿದವರ ಜೊತೆ ಗೋಲಿನ ಬಾಗಿಲು ಕಾಯುತ್ತಾರೆ. ಚೆಂಡು ಸಿಕ್ಕಿತೋ, ಎತ್ತಿ ದೂರಕ್ಕೆ, ಮುಂದೆ ಒಂಟಿಯಾಗಿ ನಿಂತವನ ತಲೆಯ ಮೇಲಕ್ಕೆ. ಕೋಚ್‌ಗಳು ಬದಲಾದರು, ಆಟಗಾರರನ್ನು ನಿಲ್ಲಿಸುವ ಅಂಕಿಗಳು ಬದಲಾದವು. ಚೆಂಡು ಹೋಗುವ ದಾರಿ ಮಾತ್ರ ಬದಲಾಗಲಿಲ್ಲ.

ಇದನ್ನೆಲ್ಲ ನಾವು ನೋಡುತ್ತಿದ್ದದ್ದು ಮಾರೇನಹಳ್ಳಿಯಲ್ಲಿ, ನಮ್ಮ ಭಾನುವಾರದ ತಂಡದ ಕ್ಯಾಪ್ಟನ್ ಮನೆಯಲ್ಲಿ. ಅವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಹಳೇ ಊರಿನ ಮನೆತನ. ನಾಯಂಡಹಳ್ಳಿಯ ಗೋಡೌನುಗಳ ಹಿಂದೆ ಉಳಿದಿದ್ದ ಅವರ ಖಾಲಿ ಜಾಗವೇ ನಮ್ಮ ಮೈದಾನ.

"ಥೂ, ಮುಂದಕ್ಕೆ ಹೋಗ್ರೋ! ಎಲ್ಲಾ ಸೇರ್ಕೊಂಡು ಸೈಟ್‌ಗೆ ಕಾಂಪೌಂಡ್ ಹಾಕ್ತಾ ಇದೀರಾ?" ಎಂದು ಅಣ್ಣ ಟೀವಿಗೆ ಬೈಯುತ್ತಿದ್ದರು. "ಒಬ್ಬನ್ನೇ ನೆಚ್ಕೊಂಡ್ರೆ ಉದ್ಧಾರ ಆಗ್ತೀವಾ, ಮಗಾ?" ಎಂದು ನನ್ನ ತೊಡೆ ತಟ್ಟುತ್ತಿದ್ದರು. ನಾವು ಹೌದೌದೆಂದು ತಲೆಯಾಡಿಸಿ, ಅತ್ತಿಗೆ ತಂದಿಟ್ಟ ಕೋಡುಬಳೆ ಮುರಿಯುತ್ತಿದ್ದೆವು.

ಭಾನುವಾರ ಬೆಳಿಗ್ಗೆ ನಮ್ಮ ಆಟವೂ ಅದೇ. ನಾವೆಲ್ಲ ಹಿಂದೆ, ಮುಂದೆ ಅಣ್ಣ. ಊರಿನಲ್ಲಿ ಮೊದಲ ವೀಳ್ಯ ಗೌಡರ ಮನೆಗೆ ಸಲ್ಲುವ ಹಾಗೆ, ಗೋಲಿಗೆ ಹೊಡೆಯುವ ಒದೆತ ಅವರಿಗೆ ಸಲ್ಲಬೇಕು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಹೊಸಬ ಯಾರಾದರೂ ತಾನೇ ಹೊಡೆದು ಗೋಲು ಮಾಡಿದರೆ ಅಣ್ಣ ಬೈಯುತ್ತಿರಲಿಲ್ಲ. "ಸಖತ್ತಾಗಿ ಹೊಡ್ದೆ ಗುರು" ಎಂದು ನಗುತ್ತಿದ್ದರು. ಮುಂದಿನ ವಾರ ಅವನು ಗೆರೆಯ ಹೊರಗೆ ಕೂತಿರುತ್ತಿದ್ದ.

ನನ್ನ ತಮ್ಮ ಬಲಗಡೆ ಆಡುತ್ತಿದ್ದ. ಓಡಲು ನಿಂತರೆ ಗಾಳಿ. ಅವನ ವಿಷಯ ಕಿವಿಗೆ ಬಿದ್ದು, ಒಂದು ಕ್ಲಬ್ಬಿನ ಆಯ್ಕೆಗಾರರು ನಮ್ಮ ಪಂದ್ಯ ನೋಡಲು ಬಂದರು. ಆಯ್ಕೆಯಾದರೆ ಆಟವೇ ಅವನ ಕೆಲಸವಾಗುತ್ತಿತ್ತು. ಬೇರೇನನ್ನೂ ಅವನು ಬಯಸಿದವನಲ್ಲ. ಅಮ್ಮ ಬೆಳಿಗ್ಗೆಯೇ ದೃಷ್ಟಿ ತೆಗೆದು ಕಳಿಸಿದ್ದಳು.

ಆಟ ಮುಗಿಯುತ್ತ ಬಂದಾಗ ಚೆಂಡು ಅವನ ಕಾಲಿಗೆ ಸಿಕ್ಕಿತು. ಎದುರು ಬಂದವರನ್ನು ದಾಟಿ ಒಳಕ್ಕೆ ತಿರುಗಿದ. ಮುಂದೆ ಗೋಲ್‌ಕೀಪರ್ ಒಬ್ಬನೇ, ಅವನೂ ಜಾರಿ ಬಿದ್ದಿದ್ದ. ಒದ್ದರೆ ಸಾಕಿತ್ತು. ತಮ್ಮ ತಲೆಯೆತ್ತಿದ, ಎಡಕ್ಕೆ ನೋಡಿದ, ಅಣ್ಣ ಇರಬೇಕಾಗಿದ್ದ ಜಾಗಕ್ಕೆ ಚೆಂಡನ್ನು ತಳ್ಳಿದ. ಅಣ್ಣ ಇನ್ನೂ ನಡುಗೆರೆಯ ಹತ್ತಿರ, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು. ಚೆಂಡು ಯಾರಿಗೂ ಸಿಗದೆ ಉರುಳಿಕೊಂಡು ಹೊರಗೆ ಹೋಯಿತು.

ಆಯ್ಕೆಗಾರರು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದರು. "ಓಡ್ತಾನೆ ಸಾರ್ ನಿಮ್ಮ ಹುಡುಗ. ಆದ್ರೆ ಗೋಲ್ ಕಂಡ್ರೆ ಹೆದರ್ತಾನೆ" ಎಂದು ನನಗೆ ಹೇಳಿ ಹೊರಟುಹೋದರು.

ಬೈಕಿನಲ್ಲಿ ವಾಪಸು ಬರುವಾಗ ಕೇಳಿದೆ. "ಯಾಕೋ ಹೊಡೀಲಿಲ್ಲ?"

"ಗೊತ್ತಿಲ್ಲ ಕಣೋ. ಕಾಲು ತಾನಾಗೇ ಆ ಕಡೆ ಹೋಯ್ತು."

ಆಮೇಲೆ ಅವನು ಬೂಟು ಕಟ್ಟಲಿಲ್ಲ. ಈಗ ಕೆಂಗೇರಿಯ ಟೈಲ್ಸ್ ಅಂಗಡಿಯೊಂದರಲ್ಲಿದ್ದಾನೆ. ದೇಶದ ಪಂದ್ಯವಿದ್ದ ದಿನ ಟೀವಿ ಹಾಕಿದರೆ ಎದ್ದು ಹೊರಗೆ ಹೋಗುತ್ತಾನೆ.

ಮೊನ್ನೆ, ತಂಡ ಮತ್ತೆ ಸೋತ ಮರುದಿನ, ಚಂದ್ರಾ ಲೇಔಟ್‌ನ ದರ್ಶಿನಿಯಲ್ಲಿ ಅಣ್ಣ ಸಿಕ್ಕರು. ಬೇಡವೆಂದರೂ ಕಾಫಿ ಕೊಡಿಸಿದರು.

"ನೋಡಿದ್ಯಾ ಮಗಾ, ಒಬ್ಬನಿಗೂ ಹೊಡೆಯೋ ಧೈರ್ಯ ಇಲ್ಲ. ಅದು ಹುಟ್ಟಿನಿಂದ್ಲೇ ಬರ್ಬೇಕು. ನಿನ್ ತಮ್ಮನ್ನೇ ತಗೋ. ಎಂಥಾ ಓಟ ಇತ್ತು ಅವನ್ದು! ಪಾಪ, ಎದೆ ಇರ್ಲಿಲ್ಲ."

ಅವರ ಮುಖದಲ್ಲಿದ್ದದ್ದು ನಿಜವಾದ ಮರುಕ. ಅದಕ್ಕೇ ನನಗೆ ಬಾಯಿತುಂಬ ಬೈಗುಳ ಬಂದಿತ್ತು.

"ಹೌದಣ್ಣ" ಎಂದೆ.